ಬೆಲ್ಲದ ದರ್ಜೆ, ಫಜ್ಜಿ ಲೆಕ್ಕ

(ದತ್ತಿ ಉಪನ್ಯಾಸದ ಅಚ್ಚುರೂಪ)

ಮದ್ದೂರು ತಾಲ್ಲೂಕಿನ ರೈತನ ಮನೆಯಿಂದ ಮೂರು ಸರಕು ಮೂರು ದಾರಿ ಹಿಡಿಯುತ್ತವೆ. ಬೆಳಿಗ್ಗೆ ಹಾಲು ಊರಿನ ಡೇರಿಗೆ ಹೋಗುತ್ತದೆ. ಅಲ್ಲಿನ ಯಂತ್ರ ಕೊಬ್ಬಿನಂಶವನ್ನೂ ಕೊಬ್ಬಿಲ್ಲದ ಘನಾಂಶವನ್ನೂ ಅಳೆದು ಅಂಕಿ ತೋರಿಸುತ್ತದೆ, ದರ ಅದರ ಮೇಲೆ. ಆ ಹಾಲು ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್ ಸೇರುತ್ತದೆ. ಕಬ್ಬಿನ ಟ್ರ್ಯಾಕ್ಟರು ಕೊಪ್ಪದ ಸಕ್ಕರೆ ಕಾರ್ಖಾನೆಗೋ ಕೆ.ಎಂ. ದೊಡ್ಡಿಯದಕ್ಕೋ ಮಂಡ್ಯದ ಮೈಷುಗರ್‌ಗೋ ಹೋಗುತ್ತದೆ. ಅಲ್ಲಿ ರೈತನ ಪಾಲಿಗೆ ನೋಡುವುದು ಟನ್ನು ಮಾತ್ರ. ಕೇಂದ್ರ ಸರ್ಕಾರ 2024-25ರ ಹಂಗಾಮಿಗೆ ಗೊತ್ತುಮಾಡಿದ್ದ ನ್ಯಾಯಯುತ ಹಾಗೂ ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 340 ರೂಪಾಯಿ, ಅದು ಶೇ. 10.25 ಸಕ್ಕರೆ ಇಳುವರಿಯ ಲೆಕ್ಕಕ್ಕೆ. ಈ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ಒಬ್ಬ ರೈತ ಎಷ್ಟೇ ಸಿಹಿ ಕಬ್ಬು ಬೆಳೆದರೂ ಆ ಸಿಹಿ ಎಲ್ಲರ ರಸದಲ್ಲಿ ಬೆರೆತುಹೋಗುತ್ತದೆ.

ಮೂರನೆಯ ಸರಕು ಬೆಲ್ಲ. ಅದು ಆಲೆಮನೆಯಿಂದ ಮಂಡ್ಯದ ಎಪಿಎಂಸಿ ಯಾರ್ಡಿಗೆ ಬರುತ್ತದೆ. ಖರೀದಿದಾರ ಲಾಟಿನ ಮುಂದೆ ಬಾಗಿ ಒಂದು ಅಚ್ಚು ಎತ್ತಿಕೊಳ್ಳುತ್ತಾನೆ. ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾನೆ, ಮುರಿದು ಒಳಗಿನ ಹರಳು ನೋಡುತ್ತಾನೆ, ಉಗುರಿನಿಂದ ಗೀರುತ್ತಾನೆ, ಬೇಕೆನಿಸಿದರೆ ಚೂರೊಂದನ್ನು ನಾಲಿಗೆಯ ಮೇಲಿಡುತ್ತಾನೆ. ಅಂಟುತ್ತಿದೆಯೇ, ಉಪ್ಪುಪ್ಪಾಗಿದೆಯೇ, ಗುಜರಾತಿಗೆ ಕಳಿಸಿದರೆ ದಾರಿಯಲ್ಲಿ ಕರಗೀತೇ ಎಂಬುದೆಲ್ಲ ಅಷ್ಟರಲ್ಲೇ ತೀರ್ಮಾನ. ಆಮೇಲೆ ಅವನು ಟೆಂಡರಿನಲ್ಲಿ ಬರೆಯುವುದು ಒಂದೇ ಅಂಕಿ, ಕ್ವಿಂಟಲ್‌ಗೆ ಇಷ್ಟು ರೂಪಾಯಿ. ನಾಲ್ಕೈದು ಮಾನದಂಡಗಳು ಯಾವ ಪ್ರಮಾಣದಲ್ಲಿ ಕೂಡಿ ಆ ಅಂಕಿ ಹುಟ್ಟಿತೆಂದು ಅವನು ಹೇಳುವುದಿಲ್ಲ. ಕೇಳಿದರೂ ಹೇಳಲು ಅವನಿಗೆ ಬರಲಿಕ್ಕಿಲ್ಲ. ಬೆಲ್ಲ ತಂದ ರೈತನಿಗೆ ಕೊನೆಗೆ ಗೊತ್ತಾಗುವುದು ಒಂದೇ ಸಂಗತಿ: ಬೆಳ್ಳಗಿದ್ದ ಬೆಲ್ಲಕ್ಕೆ ಹೆಚ್ಚು ಕಾಸು ಸಿಕ್ಕಿತು.

ಈ ಉಪನ್ಯಾಸದ ವಿಷಯ, ಉತ್ಪಾದನೆಯಲ್ಲಿ ಸರಕುಗಳನ್ನು ಮೇಲು ಕೀಳೆಂದು ಸಾಲುಗಟ್ಟಿಸುವ ಫಜ್ಜಿ ಬಹುಮಾನದಂಡ ವಿಧಾನಗಳು. ಹೆಸರು ಕೇಳಿದರೆ ವಿಶ್ವವಿದ್ಯಾಲಯದ ಗೋಡೆಯಾಚೆ ಬಾರದ ವಿದ್ಯೆ ಅನಿಸಬಹುದು. ಆದರೆ ಅದು ಬಿಡಿಸಹೊರಟ ಗಂಟು ಈ ಯಾರ್ಡಿನಲ್ಲೇ ಇದೆ. ಮಂಡ್ಯದ ಬೆಲ್ಲದ ಮಾರುಕಟ್ಟೆ ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದು. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ 'ಒಂದು ಜಿಲ್ಲೆ, ಒಂದು ಉತ್ಪನ್ನ' ಎಂದು ಈ ಜಿಲ್ಲೆಗೆ ಆರಿಸಿದ್ದೂ ಬೆಲ್ಲವನ್ನೇ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದದ್ದು, 1933ರಲ್ಲಿ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ಹುಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಾರ್ಖಾನೆ ನಿಂತಾಗ, ನಡೆದಾಗ, ಮತ್ತೆ ನಿಂತಾಗಲೆಲ್ಲ ಕಬ್ಬನ್ನು ಹಿಡಿದು ಅರೆದದ್ದು ಆಲೆಮನೆ. ಅದರ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಆಲೆಮನೆಯೂ ಒಂದು ಕಾರ್ಖಾನೆಯೇ. ಗಾಣದಲ್ಲಿ ಹಿಂಡಿದ ರಸ ಕೊಪ್ಪರಿಗೆಗೆ ಬೀಳುತ್ತದೆ, ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಹುಳಿ ತಗ್ಗಿಸಲು ಸುಣ್ಣ. ಕಶ್ಮಲ ಮೇಲೆ ತೇಲಿಬರಲು ಹಿಂದಿನವರು ಬೆಂಡೆಯ ಗಿಡವನ್ನು ಜಜ್ಜಿ ಅದರ ಲೋಳೆ ಹಾಕುತ್ತಿದ್ದರು. ಈಗಲೂ ಸಾವಯವ ಬೆಲ್ಲ ಮಾಡುವವರು ಹಾಕುತ್ತಾರೆ. ನೊರೆ, ಮಡ್ಡಿ ತೆಗೆದು ಕುದಿಸುತ್ತಾ ಹೋದರೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹದಕ್ಕೆ ಬರುತ್ತದೆ. ಆಲೆಮನೆಯಲ್ಲಿ ಹದ ಕಾಯುವವನು ಥರ್ಮಾಮೀಟರು ನೋಡುವುದಿಲ್ಲ. ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಡುತ್ತಾನೆ, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಮೆತ್ತಗಿದ್ದರೆ ಇನ್ನೂ ಬೇಕು, ಗಟ್ಟಿ ಕಟ್ಟಿದರೆ ಇಳಿಸಬೇಕು, ನಡುವೆ ಇದ್ದರೆ 'ಇನ್ನೊಂಚೂರು'. ನೂರು ಕಿಲೋ ಕಬ್ಬಿಗೆ ಹತ್ತರಿಂದ ಹನ್ನೆರಡು ಕಿಲೋ ಬೆಲ್ಲ. ಅದು ಅಚ್ಚು, ಕುರಿಕಾಲಚ್ಚು, ಬಾಕ್ಸು, ಬಕೆಟ್ಟು, ಉಂಡೆ ಎಂಬ ನಾನಾ ರೂಪದಲ್ಲಿ ಮಂಡಿಗೆ ಬರುತ್ತದೆ. ರೂಪಕ್ಕೊಂದು ದರ, ರೂಪದೊಳಗೆ ಬಣ್ಣಕ್ಕೊಂದು ದರ.

ಆ 'ಇನ್ನೊಂಚೂರು' ಎಂಬುದನ್ನು ಗಣಿತಕ್ಕೆ ತಂದವರು ಲತ್ಫಿ ಜಾದೆ. ಬಾಕುವಿನಲ್ಲಿ 1921ರಲ್ಲಿ ಹುಟ್ಟಿ, ತೆಹರಾನಿನಲ್ಲಿ ಬೆಳೆದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ಈ ಪ್ರಾಧ್ಯಾಪಕರು 1965ರಲ್ಲಿ ಫಜ್ಜಿ, ಅಂದರೆ ಅಂಚು ಮಸುಕಾದ, ಗಣಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಶಾಲೆಯಲ್ಲಿ ಕಲಿಸುವ ಗಣಗಳಲ್ಲಿ ಒಂದು ವಸ್ತು ಒಳಗಿರುತ್ತದೆ ಇಲ್ಲವೇ ಹೊರಗಿರುತ್ತದೆ. ಜಾದೆ ಅವರ ಗಣದಲ್ಲಿ ಒಂದು ಬೆಲ್ಲದಚ್ಚು 'ಗಟ್ಟಿ ಬೆಲ್ಲ'ದ ಗುಂಪಿಗೆ 0.7ರಷ್ಟು ಸೇರಿರಬಹುದು, ಅದೇ ಹೊತ್ತಿಗೆ 'ಮೆತ್ತನೆ ಬೆಲ್ಲ'ದ ಗುಂಪಿಗೆ 0.2ರಷ್ಟು ಸೇರಿರಬಹುದು. ಇದನ್ನು ಸಂಭವನೀಯತೆ ಎಂದು ತಿಳಿಯಬಾರದು. ನಾಳೆ ಮಳೆ ಬರುವ ಸಂಭವ ಶೇ. 70 ಎಂದರೆ ನಾಳೆ ಸಂಜೆಗೆ ಉತ್ತರ ಸಿಕ್ಕಿಬಿಡುತ್ತದೆ. ಕೈಯಲ್ಲಿರುವ ಬೆಲ್ಲ ಎಷ್ಟು ಗಟ್ಟಿ ಎಂಬುದಕ್ಕೆ ನಾಳೆ ಕಾದರೂ ಹೊಸ ಉತ್ತರ ಸಿಗುವುದಿಲ್ಲ.

ಅಮೆರಿಕದ ಗಣಿತಜ್ಞರಲ್ಲಿ ಹಲವರು ಜಾದೆಯವರ ಈ ವಿಚಾರವನ್ನು ಗೇಲಿ ಮಾಡಿದರು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಮ್ದಾನಿ 1970ರ ದಶಕದ ನಡುವಿನಲ್ಲಿ ಒಂದು ಪುಟ್ಟ ಉಗಿಯಂತ್ರವನ್ನು 'ಮೆತ್ತಗಿದ್ದರೆ ಇನ್ನೂ ಬೇಕು' ಎಂಬಂಥ ಮಾತಿನ ನಿಯಮಗಳಿಂದ ನಡೆಸಿ ತೋರಿಸಿದರು. 1987ರಲ್ಲಿ ಜಪಾನಿನ ಸೆಂಡೈ ನಗರದ ಮೆಟ್ರೊ ರೈಲು ಹಿಟಾಚಿಯ ಫಜ್ಜಿ ನಿಯಂತ್ರಣದಲ್ಲಿ ಓಡತೊಡಗಿತು. ನಮ್ಮ ಮನೆಗಳಿಗೆ ಈ ಪದ ಬಂದದ್ದು ವಾಷಿಂಗ್ ಮೆಷಿನ್ನಿನ ಜಾಹೀರಾತಿನ ಮೂಲಕ. ಅರ್ಥ ಕೇಳದೆ ಎಲ್ಲರೂ ಕೊಂಡರು.

ಸಾಲುಗಟ್ಟಿಸುವ ವಿದ್ಯೆಯ ಮೂಲ ಬೇರೆ, ಅದು ಇನ್ನೂ ಹಳೆಯದು. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯ ಜೋಸೆಫ್ ಪ್ರೀಸ್ಟ್ಲಿಗೆ ಒಂದು ಕಾಗದ ಬರೆದ. ತೀರ್ಮಾನ ಕಷ್ಟವಾದಾಗ ಹಾಳೆಯ ನಡುವೆ ಗೆರೆ ಎಳೆದು, ಒಂದು ಬದಿಗೆ ಅನುಕೂಲ, ಇನ್ನೊಂದು ಬದಿಗೆ ಅನನುಕೂಲ ಬರೆದು, ಸಮಸಮ ತೂಗುವುದನ್ನು ಹೊಡೆದುಹಾಕುತ್ತಾ ಹೋಗು ಎಂಬುದು ಅವನ ಸಲಹೆ. ಇದೇ ಯೋಚನೆ 1970ರ ದಶಕದಲ್ಲಿ ಥಾಮಸ್ ಸಾಟಿ ಅವರ ಕೈಯಲ್ಲಿ ಎಎಚ್‌ಪಿ ಎಂಬ ವಿಧಾನವಾಯಿತು. ಎಲ್ಲ ಮಾನದಂಡಗಳಿಗೂ ಒಮ್ಮೆಗೇ ತೂಕ ಹೇಳಬೇಡ, ಎರಡೆರಡನ್ನೇ ಎದುರಿಟ್ಟು ಹೋಲಿಸು ಎನ್ನುತ್ತದೆ ಅದು. ಬಣ್ಣ ಗಟ್ಟಿತನಕ್ಕಿಂತ ಎಷ್ಟು ಪಾಲು ಮುಖ್ಯ? ಒಂದರಿಂದ ಒಂಬತ್ತರವರೆಗಿನ ಒಂದು ಅಂಕಿ ಕೊಡು. ವ್ಯಾಪಾರಿಯೊಬ್ಬ ಬಣ್ಣ ಗಟ್ಟಿತನದ ಮೂರರಷ್ಟು, ಗಟ್ಟಿತನ ರುಚಿಯ ಎರಡರಷ್ಟು ಎಂದು ಹೇಳಿ, ಬಣ್ಣ ರುಚಿಯ ಎರಡರಷ್ಟು ಮಾತ್ರ ಎಂದರೆ ಅವನ ಮಾತಿಗೆ ಮಾತು ತಾಳೆಯಾಗುವುದಿಲ್ಲ, ಆರರಷ್ಟು ಆಗಬೇಕಿತ್ತು. ಹೀಗೆ ತಾಳೆ ತಪ್ಪುವುದಕ್ಕೂ ಸಾಟಿ ಒಂದು ಅಳತೆ ಕೊಟ್ಟರು. ಅದು 0.10 ದಾಟಿದರೆ ಮತ್ತೆ ಕುಳಿತು ಯೋಚಿಸು ಎಂದರ್ಥ. ಮಂಡಿಯಲ್ಲಿ ದಿನವೂ ನಡೆಯುವ ಮಾತಿಗೆ ಇಂಥ ಪರೀಕ್ಷೆ ಇಟ್ಟರೆ ಎಷ್ಟು ಜನ ಪಾಸಾದಾರೋ!

1981ರಲ್ಲಿ ಹ್ವಾಂಗ್ ಮತ್ತು ಯೂನ್ ಟಾಪ್ಸಿಸ್ ಎಂಬ ವಿಧಾನ ಕೊಟ್ಟರು. ಎಲ್ಲದರಲ್ಲೂ ಅತ್ಯುತ್ತಮವಾದ ಒಂದು ಸರಕನ್ನೂ ಎಲ್ಲದರಲ್ಲೂ ಅತಿ ಕೀಳಾದ ಇನ್ನೊಂದನ್ನೂ ಕಲ್ಪಿಸಿಕೊ. ಎದುರಿಗಿರುವ ಸರಕು ಮೊದಲನೆಯದಕ್ಕೆ ಎಷ್ಟು ಹತ್ತಿರ, ಎರಡನೆಯದಕ್ಕೆ ಎಷ್ಟು ದೂರ ಎಂದು ಅಳೆದು ಸಾಲುಗಟ್ಟಿಸು. 2000ದಲ್ಲಿ ತೈವಾನಿನ ಚೆನ್ ಇದನ್ನು ಫಜ್ಜಿ ಸಂಖ್ಯೆಗಳಿಗೆ ಹೊಂದಿಸಿದರು. ಅಲ್ಲಿಂದಾಚೆ ಲೇಖನಗಳ ಮಹಾಪೂರವೇ ಬಂತು. ಯಂತ್ರೋಪಕರಣ, ಲೋಹ, ಬಿಡಿಭಾಗ ಪೂರೈಸುವವರು, ಕಾರಿನ ಬಾಗಿಲು, ಏನನ್ನು ಬೇಕಾದರೂ ಸಾಲಿಗೆ ನಿಲ್ಲಿಸಿದರು. ತಿನ್ನುವ, ಕುಡಿಯುವ ಪದಾರ್ಥವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಖರಗ್‌ಪುರದ ಐಐಟಿಯಲ್ಲಿ ಹಸಿರು ಚಹದ ಪುಡಿ ಮತ್ತು ಹರಳುಗಳನ್ನು ರುಚಿ ನೋಡಿದವರ ಮಾತಿನಿಂದಲೇ ಫಜ್ಜಿ ಲೆಕ್ಕ ಹಾಕಿ ದರ್ಜೆ ಕಟ್ಟಿ, 2011ರಲ್ಲಿ ಪ್ರಕಟಿಸಿದ್ದಾರೆ.

ಲೆಕ್ಕ ಹೇಗೆಂದು ಒಮ್ಮೆ ನೋಡಿಬಿಡುವುದು ಲೇಸು. ಇಲ್ಲಿ ಬಳಸುವ ಅಂಕಿಗಳು ಯಾವ ಲಾಟಿನಿಂದಲೂ ತೆಗೆದವಲ್ಲ, ವಿಧಾನ ತೋರಿಸಲೆಂದೇ ಇಟ್ಟುಕೊಂಡವು. ಮೂರು ಬೆಲ್ಲ ಇವೆ ಎನ್ನೋಣ. ಮೊದಲನೆಯದು ಬೆಳ್ಳಗೆ ಹೊಳೆಯುವ ಬಾಕ್ಸ್ ಬೆಲ್ಲ. ಎರಡನೆಯದು ಏನೂ ಹಾಕದ ಕಪ್ಪುಗೆಂಪು ಅಚ್ಚು. ಮೂರನೆಯದು ಎರಡರ ನಡುವಿನದು, ಆದರೆ ಚೆನ್ನಾಗಿ ಗಟ್ಟಿ ಕಟ್ಟಿದ್ದು. ನೋಡುವ ಗುಣ ನಾಲ್ಕು: ಬಣ್ಣ, ಗಟ್ಟಿತನ, ರುಚಿ, ರಾಸಾಯನಿಕದಿಂದ ದೂರವಿರುವಿಕೆ. ನೋಡುವವರು ಆಡುವ ಮಾತು ಮೂರೇ: 'ಕಳಪೆ', 'ಪರವಾಗಿಲ್ಲ', 'ಚೆನ್ನ'. ಹತ್ತರ ಅಳತೆಯಲ್ಲಿ 'ಪರವಾಗಿಲ್ಲ' ಎಂದರೆ ನೆಟ್ಟಗೆ 5 ಅಲ್ಲ. ಕಡಿಮೆ ಎಂದರೆ 3, ಬಹುಮಟ್ಟಿಗೆ 5, ಹೆಚ್ಚೆಂದರೆ 7. ಹೀಗೆ ಮೂರು ಅಂಕಿಯ ಒಂದು ತ್ರಿಕೋನ. 'ಚೆನ್ನ' ಎಂದರೆ 7, 9, 10. 'ಕಳಪೆ' ಎಂದರೆ 0, 1, 3.

ಬೆಳ್ಳನೆಯ ಬೆಲ್ಲ ಬಣ್ಣದಲ್ಲಿ ಚೆನ್ನ, ಗಟ್ಟಿತನದಲ್ಲಿ ಚೆನ್ನ, ರುಚಿಯಲ್ಲಿ ಪರವಾಗಿಲ್ಲ, ರಾಸಾಯನಿಕದ ವಿಷಯದಲ್ಲಿ ಕಳಪೆ. ಕಪ್ಪುಗೆಂಪಿನದು ಬಣ್ಣದಲ್ಲಿ ಕಳಪೆ, ಗಟ್ಟಿತನದಲ್ಲಿ ಪರವಾಗಿಲ್ಲ, ಉಳಿದೆರಡರಲ್ಲಿ ಚೆನ್ನ. ನಡುವಿನದು ಗಟ್ಟಿತನದಲ್ಲಿ ಮಾತ್ರ ಚೆನ್ನ, ಉಳಿದ ಮೂರರಲ್ಲಿ ಪರವಾಗಿಲ್ಲ.

ದೂರದ ಊರಿಗೆ ಮಾಲು ಕಳಿಸುವ ವ್ಯಾಪಾರಿಯ ತೂಕ ಹೀಗಿರಬಹುದು: ಬಣ್ಣಕ್ಕೆ 0.5, ಗಟ್ಟಿತನಕ್ಕೆ 0.3, ರುಚಿಗೂ ರಾಸಾಯನಿಕಕ್ಕೂ ತಲಾ 0.1. ಗುಣಿಸಿ ಕೂಡಿದರೆ ಬೆಳ್ಳನೆಯ ಬೆಲ್ಲಕ್ಕೆ ಬರುವ ತ್ರಿಕೋನ 5.9, 7.8, 9.0. ಮೂರರ ಸರಾಸರಿ 7.57. ನಡುವಿನದಕ್ಕೆ 6.1, ಕಪ್ಪುಗೆಂಪಿಗೆ 3.9. ಇನ್ನು ಮಗುವಿಗೆ ಬೆಲ್ಲ ಕೊಡುವ ತಾಯಿ ಬಣ್ಣಕ್ಕೆ 0.1, ಗಟ್ಟಿತನಕ್ಕೆ 0.2, ರುಚಿಗೆ 0.3, ರಾಸಾಯನಿಕದ ವಿಷಯಕ್ಕೆ 0.4 ತೂಕ ಕೊಡುತ್ತಾಳೆ ಎನ್ನೋಣ. ಆಗ ಕಪ್ಪುಗೆಂಪು ಬೆಲ್ಲ 7.2ಕ್ಕೆ ಏರುತ್ತದೆ, ನಡುವಿನದು 5.73, ಬೆಳ್ಳನೆಯದು 4.63ಕ್ಕೆ ಇಳಿದು ಕೊನೆಗೆ ನಿಲ್ಲುತ್ತದೆ. ಬೆಲ್ಲಗಳು ಅವೇ, ಅವುಗಳ ಬಗ್ಗೆ ಆಡಿದ ಮಾತೂ ಅದೇ, ಆದರೂ ಸಾಲು ತಲೆಕೆಳಗು.

ಯಾರ ಪಕ್ಷವೂ ಬೇಡ, ನಾಲ್ಕಕ್ಕೂ ಸಮತೂಕ ಕೊಡೋಣ ಎನ್ನುವವರೂ ಇರುತ್ತಾರೆ. ಕೊಟ್ಟು ನೋಡಿದರೆ ಮೂರೂ ಬೆಲ್ಲಕ್ಕೆ ಬರುವುದು 5.92. ವ್ಯತ್ಯಾಸ ಉಳಿಯುವುದು ತ್ರಿಕೋನದ ಅಗಲದಲ್ಲಷ್ಟೆ. ನಡುವಿನ ಬೆಲ್ಲದ್ದು 4ರಿಂದ 7.75ರವರೆಗೆ ಚಾಚಿಕೊಂಡಿದೆ, ಉಳಿದೆರಡರದ್ದು 4.25ರಿಂದ 7.5. 'ಪರವಾಗಿಲ್ಲ' ಎಂಬ ಮಾತು ಹೆಚ್ಚಾದಂತೆಲ್ಲ ಅನುಮಾನವೂ ಅಗಲವಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಒಂದೇ ಅಂಕಿಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಫಜ್ಜಿ ವಿಧಾನದಿಂದ ಸಿಗುವ ನಿಜವಾದ ಲಾಭ ಇಷ್ಟೇ, ಮತ್ತು ಇದು ಸಣ್ಣ ಲಾಭವೇನಲ್ಲ. ಆದರೆ ಯಾವ ಬೆಲ್ಲ ಗೆದ್ದಿತು ಎಂಬುದನ್ನು ಫಜ್ಜಿ ತೀರ್ಮಾನಿಸಲಿಲ್ಲ. ತೂಕ ಕೊಟ್ಟವರು ತೀರ್ಮಾನಿಸಿದರು.

ಮಂಡ್ಯದಲ್ಲಿ ತೂಕ ಕೊಟ್ಟವರು ಯಾರು? ಬಣ್ಣಕ್ಕೆ ಮೇಲಿನ ತೂಕ ಕೊಟ್ಟ ಮಾರುಕಟ್ಟೆ ಆಲೆಮನೆಯ ಕೊಪ್ಪರಿಗೆಯೊಳಗೆ ಏನು ಬೀಳಬೇಕೆಂಬುದನ್ನೂ ತೀರ್ಮಾನಿಸಿಬಿಟ್ಟಿತು. ಆಲೆಮನೆಯವರ ಬಾಯಲ್ಲಿ ಅದರ ಹೆಸರು 'ಹೈಡ್ರೋಸು', ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಕುದಿಯುವ ರಸಕ್ಕೆ ಚಿಟಿಕೆ ಹಾಕಿದರೆ ಕಂದು ಬಣ್ಣ ಸರಿದು ಹೊಂಬಣ್ಣ ಬರುತ್ತದೆ. ಆ ಹೊಳಪು ಬಹಳ ದಿನ ಬಾಳುವುದೂ ಇಲ್ಲ, ಇಟ್ಟಂತೆ ಬೆಲ್ಲ ಮಂಕಾಗುತ್ತದೆ. ಆದರೆ ಟೆಂಡರ್ ಮುಗಿಯುವವರೆಗೆ ಹೊಳೆದರೆ ಸಾಕಲ್ಲ. ಹೈಡ್ರೋಸಿನಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ 70 ಪಾಲು ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಸಕ್ಕರೆ ಬೆರೆಸಿದ ಬೆಲ್ಲಕ್ಕಾಗಿ, ರಾಸಾಯನಿಕಕ್ಕಾಗಿ ಅಧಿಕಾರಿಗಳು ಆಲೆಮನೆಗಳ ಮೇಲೆ ದಾಳಿ ಮಾಡಿದ ಸುದ್ದಿ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. ದಾಳಿಗೆ ಸಿಕ್ಕುವವನು ಆಲೆಮನೆಯವನು. ಬೆಳ್ಳಗಿದ್ದರೆ ಮಾತ್ರ ಕೈಹಾಕುತ್ತೇನೆಂದ ಕೊಳ್ಳುಗನ ಹೆಸರು ಯಾವ ಪಂಚನಾಮೆಯಲ್ಲೂ ಬರುವುದಿಲ್ಲ.

ಇಲ್ಲಿ ವಿಧಾನದ ಒಂದು ದೊಡ್ಡ ದೋಷವೂ ಬಯಲಾಗುತ್ತದೆ. ಮೇಲಿನ ಲೆಕ್ಕದಲ್ಲಿ ಬಣ್ಣದ ಹೆಚ್ಚಳ ರಾಸಾಯನಿಕದ ಕಳಪೆಯನ್ನು ತುಂಬಿಕೊಟ್ಟಿತು. ಬಟ್ಟೆಯ ಅಂಚು ಚೆನ್ನಾಗಿದ್ದರೆ ನೇಯ್ಗೆಯ ಸಣ್ಣ ಲೋಪ ಮನ್ನಿಸಬಹುದು. ತಿನ್ನುವ ಪದಾರ್ಥದ ವಿಷಯದಲ್ಲಿ ಈ ಕೊಡುಕೊಳ್ಳುವಿಕೆ ಸಲ್ಲದು. ಫ್ರಾನ್ಸಿನ ಬರ್ನಾರ್ ರಾಯ್ 1960ರ ದಶಕದಲ್ಲಿ ಕಟ್ಟತೊಡಗಿದ ಎಲೆಕ್ಟರ್ ವಿಧಾನಗಳಲ್ಲಿ ಮುಂದೆ ವೀಟೋ ಎಂಬ ಮಿತಿ ಬಂತು. ಒಂದು ಮಾನದಂಡದಲ್ಲಿ ತೀರಾ ಕೆಳಗೆ ಬಿದ್ದ ಸರಕನ್ನು ಉಳಿದವು ಎಷ್ಟೇ ಎತ್ತಿದರೂ ಮೇಲಕ್ಕೆ ಬಿಡಬಾರದು. ಬೆಲ್ಲಕ್ಕೆ ಬೇಕಾದದ್ದು ಇದೇ ಬಗೆಯದು. 70ರ ಮಿತಿ ದಾಟಿದ ಲಾಟಿಗೆ 'ಕಳಪೆ' ಎಂಬ ಅಂಕವೂ ಬೇಡ, ಸಾಲಿನಲ್ಲಿ ಜಾಗವೂ ಬೇಡ. ಜರಡಿ ಮೊದಲು, ದರ್ಜೆ ಆಮೇಲೆ. ಲೇಖನಗಳಲ್ಲಿ ಈ ಕ್ರಮ ಆಗಾಗ ಮರೆತುಹೋಗುತ್ತದೆ. ಸುರಕ್ಷತೆಯೂ ಹತ್ತರಲ್ಲಿ ಒಂದು ಮಾನದಂಡವಾಗಿ ಕೋಷ್ಟಕದ ಮೂಲೆಯಲ್ಲಿ ಕೂರುತ್ತದೆ.

ಇನ್ನೂ ಕೆಟ್ಟದ್ದಾಗುವುದುಂಟು. ಫಜ್ಜಿ ಎಎಚ್‌ಪಿಯಲ್ಲಿ ಬಹಳ ಜನ ಬಳಸುವ ಒಂದು ದಾರಿ 1996ರಲ್ಲಿ ಚಾಂಗ್ ಸೂಚಿಸಿದ್ದು. ಅದು ಕೆಲವೊಮ್ಮೆ ಮುಖ್ಯವಾದ ಮಾನದಂಡಕ್ಕೂ ಸೊನ್ನೆ ತೂಕ ಕೊಟ್ಟುಬಿಡುತ್ತದೆ ಎಂದು 2008ರಲ್ಲಿ ವಾಂಗ್ ಮತ್ತು ಸಂಗಡಿಗರು ತೋರಿಸಿದರು. ಹೋಲಿಸಿದವರು ಸುರಕ್ಷತೆಗೆ ಏನೋ ಒಂದಿಷ್ಟು ಬೆಲೆ ಇದೆ ಎಂದೇ ಹೇಳಿರುತ್ತಾರೆ, ಲೆಕ್ಕ ಅದನ್ನು ಅಳಿಸಿಹಾಕಿರುತ್ತದೆ. ಎಎಚ್‌ಪಿ ಹುಟ್ಟಿಸಿದ ಸಾಟಿಯವರೇ ತಮ್ಮ ವಿಧಾನಕ್ಕೆ ಫಜ್ಜಿ ಸೇರಿಸುವುದನ್ನು ಒಪ್ಪಲಿಲ್ಲ. ಹೋಲಿಕೆಯ ಅಂಕಿಯಲ್ಲೇ ಅಂದಾಜು ಸೇರಿರುವಾಗ ಅದನ್ನು ಇನ್ನಷ್ಟು ಮಸುಕು ಮಾಡಿದರೆ ಉತ್ತರ ಉತ್ತಮವಾಗುವ ಖಾತ್ರಿ ಏನು ಎಂಬುದು ಅವರ ತಕರಾರು. ಎಎಚ್‌ಪಿಯದ್ದೇ ಒಂದು ತೊಂದರೆಯನ್ನು 1983ರಲ್ಲಿ ಬೆಲ್ಟನ್ ಮತ್ತು ಗಿಯರ್ ಎತ್ತಿ ತೋರಿಸಿದ್ದರು. ಸಾಲಿನಲ್ಲಿರುವ ಒಂದು ಸರಕಿನಂಥದೇ ಇನ್ನೊಂದನ್ನು ತಂದು ಸೇರಿಸಿದರೆ ಮೊದಲಿದ್ದವುಗಳ ಮೇಲು ಕೀಳು ಅದಲುಬದಲಾಗಬಹುದು. ಯಾರ್ಡಿಗೆ ಇನ್ನೊಂದು ಲಾರಿ ಬಂದಿತೆಂದು ನಿನ್ನೆಯ ಒಳ್ಳೆಯ ಬೆಲ್ಲ ಇವತ್ತು ಎರಡನೆಯದಾಗುವುದನ್ನು ರೈತ ಒಪ್ಪುವುದು ಹೇಗೆ?

ಮಳವಳ್ಳಿಯ ಕಡೆಗೆ ಹೋದರೆ ಇನ್ನೊಂದು ಪಾಠ ಸಿಗುತ್ತದೆ. ಹೊರಗಿನವರಿಗೆ ಆ ತಾಲ್ಲೂಕು ಬಂಡೂರು ಕುರಿಯಿಂದ ಪರಿಚಯ. ಒಳಗೆ ಹೋದರೆ ಹಿಪ್ಪುನೇರಳೆ ತೋಟ, ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆ, ಹುಳದ ಮನೆ. ರೇಷ್ಮೆಗೂಡನ್ನು ಕೊಂಡು ನೂಲು ತೆಗೆಯುವ ರೀಲರ್ ಜಾಲರಿಯಲ್ಲಿ ಹರಡಿದ ರಾಶಿಗೆ ಕೈಹಾಕಿ ಒಂದು ಹಿಡಿ ತೆಗೆಯುತ್ತಾನೆ. ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಗಲಗಲ ಎಂದರೆ ಸರಿಯಾಗಿ ಕಟ್ಟಿದೆ ಎಂದರ್ಥ. ಜೋಡಿಗೂಡು, ಕಲೆ ಬಿದ್ದದ್ದು, ತೆಳುವಾದದ್ದು ಎಷ್ಟಿವೆ ಎಂದು ಕಣ್ಣಲ್ಲೇ ಅಂದಾಜು ಮಾಡುತ್ತಾನೆ. ಹರಾಜು ಈಗ ಆನ್‌ಲೈನ್ ಆಗಿದೆ, ಕಿವಿ ಮಾತ್ರ ಹಳೆಯದೇ.

ಗೂಡಿಗೆ ಅಳೆಯುವ ಗುಣಗಳೂ ಇವೆ. ಗೂಡಿನ ತೂಕದಲ್ಲಿ ರೇಷ್ಮೆಯ ಪದರ ಶೇಕಡ ಎಷ್ಟು, ಎಳೆ ಎಷ್ಟು ಮೀಟರ್ ಉದ್ದ, ಎಷ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ ಎಂಬುವು ಹೆಚ್ಚಿದ್ದಷ್ಟೂ ಒಳ್ಳೆಯದು. ರೆಂಡಿಟ್ಟ ಮಾತ್ರ ತಿರುಗುಮುರುಗು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ ಅದು, ಕಡಿಮೆಯಾದಷ್ಟೂ ಒಳ್ಳೆಯದು. ದ್ವಿತಳಿ ಗೂಡಿನಲ್ಲಿ ಕಡಿಮೆ, ಮಿಶ್ರತಳಿಯಲ್ಲಿ ಹೆಚ್ಚು. ಲೆಕ್ಕ ಮಾಡುವವನು ಇದನ್ನು ತಿರುಗಿಸಿಕೊಳ್ಳಲು ಮರೆತರೆ ಕೀಳು ಗೂಡು ಮೇಲೆ ಬಂದು ಕೂರುತ್ತದೆ. ಅದಕ್ಕಿಂತ ಮರೆಯಾದ ತಪ್ಪೊಂದಿದೆ. ರೇಷ್ಮೆಯ ಪದರ ದಪ್ಪವಿದ್ದರೆ ರೆಂಡಿಟ್ಟ ತಾನಾಗಿಯೇ ಇಳಿಯುತ್ತದೆ. ಎರಡನ್ನೂ ಬೇರೆಬೇರೆ ಮಾನದಂಡವೆಂದು ಕೋಷ್ಟಕಕ್ಕೆ ಸೇರಿಸಿದರೆ ಒಂದೇ ಗುಣಕ್ಕೆ ಎರಡು ಸಲ ಅಂಕ ಕೊಟ್ಟಂತೆ. ಬೆಲ್ಲದಲ್ಲಿ ಬಣ್ಣವೂ ಹೈಡ್ರೋಸೂ ಒಂದನ್ನೊಂದು ಎಳೆಯುವಂತೆ ಇಲ್ಲಿ ಇವು ಒಂದನ್ನೊಂದು ತಳ್ಳುತ್ತವೆ. ಮಾನದಂಡಗಳು ಒಂದರಿಂದೊಂದು ಸ್ವತಂತ್ರ ಎಂದು ನಂಬಿ ಹಾಕಿದ ಲೆಕ್ಕ ಎರಡೂ ಕಡೆ ಎಡವುತ್ತದೆ. ಮಾನದಂಡಗಳ ಪಟ್ಟಿ ಉದ್ದವಾದಷ್ಟೂ ಲೇಖನಕ್ಕೆ ಗೌರವ ಹೆಚ್ಚು ಎಂಬ ಭ್ರಮೆ ಸಂಶೋಧಕರಲ್ಲಿದೆ. ರೀಲರನ ಕಿವಿ ಈ ವಿಷಯದಲ್ಲಿ ಹೆಚ್ಚು ಜಾಣ.

ಕಬ್ಬಿನ ತಳಿ ಆರಿಸುವಾಗಲೂ ಇದೇ ಜಗಳ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಸಂಶೋಧಕರು, ರೈತರು, ಕಾರ್ಖಾನೆಯವರು, ಆಲೆಮನೆಯವರು ಒಂದೇ ತಳಿಯನ್ನು ನಾಲ್ಕು ಕಣ್ಣಿನಿಂದ ನೋಡುತ್ತಾರೆ. ರೈತನಿಗೆ ಟನ್ನು ಬೇಕು, ಅದಕ್ಕೇ ಕೋ 62175 ಅಷ್ಟು ಕಾಲ ಗದ್ದೆಯಲ್ಲಿ ನಿಂತಿತು. ಕಾರ್ಖಾನೆಗೆ ಸಕ್ಕರೆಯ ಇಳುವರಿ ಬೇಕು. ಆಲೆಮನೆಗೆ ಬೇಕಾದದ್ದು ಬೇಗ ಹದಕ್ಕೆ ಬರುವ, ಬಣ್ಣ ಕೆಡದ ರಸ, ಅಲ್ಲಿ ಕೋ 86032ಕ್ಕೆ ಹೆಸರು. ಫಾರಂನಿಂದಲೇ ಬಂದ ವಿಸಿಎಫ್ 0517 ಈಗ ಆ ಪಂಕ್ತಿಯಲ್ಲಿ ಕುಳಿತಿದೆ. ಯಾವುದು ಉತ್ತಮ ತಳಿ ಎಂದು ಒಂದೇ ಸಾಲು ಕೇಳುವವರಿಗೆ ಪ್ರಾಮಾಣಿಕ ಉತ್ತರ ಸಿಗಲಾರದು. ಯಾರಿಗೆ ಉತ್ತಮ ಎಂದು ಕೇಳಿದರೆ ಸಿಕ್ಕೀತು.

ಹಾಗಾದರೆ ಈ ಲೆಕ್ಕವೆಲ್ಲ ಯಾಕೆ, ಮುಂಚಿನಂತೆ ಕಣ್ಣೇ ಸಾಕಲ್ಲವೇ ಎಂದು ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬ ಕೇಳಿದರೆ ಅವನ ಪ್ರಶ್ನೆಯಲ್ಲೂ ಹುರುಳಿದೆ. ಅವನು ಕಾಯಿ ನೋಡಿದೊಡನೆ ದಪ್ಪ, ಮಧ್ಯಮ, ಸಣ್ಣ ಎಂದು ಬೇರ್ಪಡಿಸುತ್ತಾನೆ. ತಪ್ಪಿದರೂ ನಷ್ಟ ಒಂದು ಗುಕ್ಕು ನೀರಿನದು. ಬೆಲ್ಲದ ವಿಷಯ ಹಾಗಲ್ಲ. ಕಣ್ಣಿಗೆ ಕಾಣುವ ಗುಣ ಒಂದು, ಕಾಣದ ಗುಣ ಇನ್ನೊಂದು, ಕಾಣದ್ದೇ ಹೊಟ್ಟೆಗೆ ಹೋಗುವಂಥದು. ಹಾಲಿಗೆ ಯಂತ್ರ ಬರುವ ಮುಂಚೆ ಡೇರಿಯಲ್ಲೂ ಕಣ್ಣಂದಾಜೇ ಇತ್ತು. ಕೊಬ್ಬು, ಘನಾಂಶ ಎಂಬ ಎರಡು ಅಂಕಿ ಎಲ್ಲರ ಎದುರು ಬಿದ್ದ ಮೇಲೆ ರೈತನಿಗೆ ತನ್ನ ಹಸುವಿನ ಮೇವು ಬದಲಿಸಬೇಕೇ ಬೇಡವೇ ಎಂಬುದಾದರೂ ಗೊತ್ತಾಯಿತು. ಬೆಲ್ಲದ ರೈತನಿಗೆ ಇವತ್ತಿಗೂ ಸಿಗುವುದು ದರದ ಚೀಟಿ ಮಾತ್ರ. ಬಣ್ಣಕ್ಕೆ ಎಷ್ಟು ಕಡಿತವಾಯಿತು, ಗಟ್ಟಿತನಕ್ಕೆ ಎಷ್ಟು ಸಿಕ್ಕಿತು ಎಂದು ತಿಳಿಯದವನು ಮುಂದಿನ ಅಡಿಗೆಗೆ ಹೈಡ್ರೋಸಿನ ಡಬ್ಬಿ ಹುಡುಕುವುದರಲ್ಲಿ ಆಶ್ಚರ್ಯವಿಲ್ಲ.

ಬೆಲ್ಲದ ದರ್ಜೆಯನ್ನು ಎಲ್ಲರೆದುರು ಹೀಗೆ ಲೆಕ್ಕ ಹಾಕಿ ನೋಡಲು ದೂರ ಹೋಗಬೇಕಿಲ್ಲ. ಕೆ.ವಿ. ಶಂಕರಗೌಡರ ಪ್ರಯತ್ನದಿಂದ 1962ರಲ್ಲಿ ಶುರುವಾದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲೇ ಇದೆ. ಬಹುಮಾನದಂಡ ವಿಧಾನಗಳು ಕೈಗಾರಿಕಾ ಎಂಜಿನಿಯರಿಂಗಿನ ವಿದ್ಯಾರ್ಥಿಗಳು ಓದುವ ವಿಷಯವೇ. ಬೆಲ್ಲದ ರಸಾಯನ ಬಲ್ಲವರು ವಿ.ಸಿ. ಫಾರಂನಲ್ಲಿದ್ದಾರೆ. ನಾಲಿಗೆಯ ತೀರ್ಪನ್ನು ಅಂಕಿಗೆ ತರುವ ಕೆಲಸದಲ್ಲಿ ಪಳಗಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿದ್ದಾರೆ, ಮಂಡ್ಯದಿಂದ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆ. ಈ ಮೂರು ಕಡೆಯವರು ಎಪಿಎಂಸಿಯ ಒಂದು ಮೂಲೆಯಲ್ಲಿ ಒಂದು ಹಂಗಾಮು ಮೇಜು ಹಾಕಿ ಕೂರಬಹುದು. ಲಾಟಿನಿಂದ ಒಂದು ಚೂರು ತೆಗೆದು ಮೊದಲು ಗಂಧಕದ ಪರೀಕ್ಷೆ. ಪಾಸಾದದ್ದಕ್ಕೆ ಮಾತ್ರ ದಲ್ಲಾಳಿ, ಆಲೆಮನೆಯವ, ಅಂಗಡಿಯವ, ಅಡುಗೆಮನೆಯವರು ನಾಲ್ವರೂ ತಮ್ಮ ಮಾತಿನಲ್ಲೇ ತೀರ್ಪು ಹೇಳಲಿ. ಯಾರ ತೂಕದಲ್ಲಿ ಯಾವ ಸಾಲು ಬಂತೆಂದು ನಾಲ್ಕೂ ಸಾಲುಗಳನ್ನು ಟೆಂಡರ್ ಹಾಲಿನ ಗೋಡೆಗೆ ಅಂಟಿಸಲಿ. ಒಂದೇ ಸಾಲು ಮಾಡುವ ಆತುರ ಬೇಡ. ಒಂದೇ ಆದೊಡನೆ ಯಾರ ತೂಕ ಗೆದ್ದಿತೆಂಬುದು ಮತ್ತೆ ಮುಚ್ಚಿಹೋಗುತ್ತದೆ.

ಇಷ್ಟಾದರೂ ಕೆಲಸ ಅರ್ಧ ಮಾತ್ರ. ಕೊನೆಯ ತೂಕ ಇರುವುದು ಸಂಕ್ರಾಂತಿಗೆ ಎಳ್ಳು ಬೀರಲು, ಯುಗಾದಿಗೆ ಒಬ್ಬಟ್ಟು ಮಾಡಲು ಬೆಲ್ಲ ಕೊಳ್ಳುವವರ ಕೈಯಲ್ಲಿ. ಅಂಗಡಿಯಲ್ಲಿ ಎರಡು ಬೆಲ್ಲ ಎದುರಿಗಿದ್ದಾಗ ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಕೈ ಅತ್ತ ಹೋಗದಿರಲಿ. ಇದನ್ನು ಯಾವ ಆಲೆಮನೆಯಲ್ಲಿ ಮಾಡಿದ್ದು, ಹೈಡ್ರೋಸು ಹಾಕಿದೆಯೇ ಎಂದು ಅಂಗಡಿಯವನನ್ನು ಕೇಳಿ, ಕಪ್ಪುಗೆಂಪು ಅಚ್ಚನ್ನೇ ತೂಗಿಸಿಕೊಳ್ಳಿ.